ಅಣ್ಣಂದಿರು ಅಡ್ಡಬಿದ್ದಲ್ಲಿಗೆ ಪಾಠ ಮುಗಿಯಿತು

ನಾನು ನನ್ನ ಮಕ್ಕಳಿಗೆ ಬೈಬಲ್ ಕಲಿಸಿದ್ದು ಸಂಡೇಸ್ಕೂಲಿನ ಅಕ್ಕೋರ ಮೇಲೆ ಸೇಡು ತೀರಿಸಿಕೊಳ್ಳಲಿಕ್ಕೆ. ಭಕ್ತಿಗಿಕ್ತಿ ಎಲ್ಲ ಆಮೇಲೆ. ಕೇಳಿದವರಿಗೆ ಮಾತ್ರ, ಮಕ್ಕಳಿಗೆ ದೇವರ ಭಯ ಇರಲಿ ಅಂತ, ಎಂದು ಮುಖದ ಮೇಲೆ ಭಕ್ತಿ ತಂದುಕೊಂಡು ಹೇಳುತ್ತಿದ್ದೆ.

ಗಂಡನದು ರೈಲ್ವೆ ನೌಕರಿ. ಗದಗಿನಿಂದ ಹೊರಟವರು ಗುಂತಕಲ್ಲು, ಕಾಜಿಪೇಟೆ ಸುತ್ತಿ ಮಲ್ಕಾಜ್‌ಗಿರಿಗೆ ಬರುವಷ್ಟರಲ್ಲಿ ಮಗಳು ಮೂರು ವರ್ಷದಲ್ಲಿ ಮೂರು ಶಾಲೆ ಕಂಡಿದ್ದಳು. ಕೊನೆಯ ಶಾಲೆಯಲ್ಲಿ ಅವಳು ತಿಂಗಳುಗಟ್ಟಲೆ ಯಾರ ಜೊತೆಗೂ ಮಾತಾಡಿಲ್ಲವೆಂದು ಗೊತ್ತಾದ ದಿನವೇ ಅವಳನ್ನೂ ಅವಳ ತಮ್ಮನನ್ನೂ ಬಿಡಿಸಿದೆ. ಮನೆಯಲ್ಲೇ ಪಾಠ ಶುರುವಾಯಿತು.

ನಮ್ಮ ಕನ್ನಡದವರ ಆರಾಧನೆ ನಡೆಯುವುದು ತೆಲುಗಿನವರ ಚರ್ಚಿನಲ್ಲಿ, ಅವರದು ಮುಗಿದ ಮೇಲೆ. ನಮ್ಮದೂ ಮುಗಿದ ಮೇಲೆ ಹೊರಗೆ ಚಹಾ. ಅಕ್ಕೋರು ಹೈಸ್ಕೂಲಿನಿಂದ ನಿವೃತ್ತರಾದವರು, ಮಕ್ಕಳ ವರ್ಗ ಅವರದೇ. ಒಂದು ಭಾನುವಾರ ಇಪ್ಪತ್ತು ಜನರ ನಡುವೆ ನನ್ನನ್ನು ನಿಲ್ಲಿಸಿ ಕೇಳಿದರು: "ಸಾಲಿ ಬಿಡ್ಸಿ ಮನ್ಯಾಗ ಕುಂಡ್ರಿಸ್ಕೊಂಡೀರಂತಲ್ರಿ? ಕೋಳಿಮರಿಗೆ ಬುಟ್ಟಿ ಮುಚ್ಚಿದಂಗ ಮುಚ್ಚಿಟ್ರ ಆ ಕೂಸು ಬಾಯಿ ಬಿಡೂದು ಯಾವಾಗ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಮಗಳು ನನ್ನ ಪಕ್ಕದಲ್ಲೇ ಇದ್ದಳು. ಚಹಾದಲ್ಲಿ ಅದ್ದಿ ಹಿಡಿದ ಬಿಸ್ಕೀಟು ಮುರಿದು ಕಪ್ಪಿನೊಳಗೆ ಬಿತ್ತು, ಅವಳು ಅದನ್ನೇ ನೋಡುತ್ತ ನಿಂತಳು. ಅವಳ ಕೈ ಹಿಡಿದು ಎಳೆದುಕೊಂಡು ಹೊರಟುಬಿಟ್ಟೆ. ಮುಂದಿನ ವಾರದಿಂದ ಮಕ್ಕಳನ್ನು ಅವರ ವರ್ಗಕ್ಕೆ ಕಳಿಸಲಿಲ್ಲ. ಕ್ರಿಸ್‌ಮಸ್‌ಗೆ ಮುಂಚೆ ಬೈಬಲ್ ಕ್ವಿಜ್ ಇರುತ್ತದೆ, ಯಾವ ಮಗುವಾದರೂ ಸೇರಬಹುದು. ಅಲ್ಲಿ ನನ್ನ ಮಗಳು ಅವರು ಕಲಿಸಿದ ಮಕ್ಕಳಿಗೆಲ್ಲ ಮಣ್ಣು ಮುಕ್ಕಿಸಬೇಕು. ಅವರೇ ನಿಂತು ಅವಳ ಕೈಗೆ ಬಹುಮಾನ ಕೊಡಬೇಕು.

ಊರಿನ ಇನ್ನೊಂದು ತುದಿಯ ಮಣಿಕೊಂಡದಲ್ಲಿ ಮನೆಯಲ್ಲೇ ಮಕ್ಕಳಿಗೆ ಕಲಿಸುವ ಒಂದು ಕುಟುಂಬವಿತ್ತು. ಅವರ ಮಕ್ಕಳು ಓದಿ ಮುಗಿಸಿದ್ದ ಮೂವತ್ತಾರು ವಾರದ, ವಿದೇಶದ ಇಂಗ್ಲಿಷ್ ಬೈಬಲ್ ಪಠ್ಯವನ್ನು ಕೊಟ್ಟರು. ವಾರಕ್ಕೊಂದು ಕಥೆ, ಒಂದು ನಕ್ಷೆ, ಬಾಯಿಪಾಠಕ್ಕೊಂದು ವಚನ. ಹಳೆಯ ಪೆನ್ಸಿಲ್ ಉತ್ತರಗಳನ್ನೆಲ್ಲ ಕೂತು ರಬ್ಬರಿನಿಂದ ಉಜ್ಜಿದೆ. ಚಿತ್ರಗಳಲ್ಲಿ ಎಲ್ಲೆಲ್ಲೂ ಹಿಮ. "ಇವ್ರು ಚರ್ಚಿಗೆ ಮಂಕಿಟೋಪಿ ಯಾಕ ಹಾಕ್ಕೊಂಡಾರ?" ಎಂದು ಮಗ ಕೇಳಿದ. ನಾನು ಇಂಗ್ಲಿಷಿನಲ್ಲಿ ಓದಿ, ಕನ್ನಡದ ಬೈಬಲ್, ಸತ್ಯವೇದ ತೆಗೆದು, ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ.

ಹೇಳುತ್ತಿದ್ದೆನೇನೋ ನಿಜ, ಆದರೆ ನನ್ನ ರುಚಿಗೆ ತಕ್ಕ ಹಾಗೆ. ಕವಣೆಯ ಕಲ್ಲಿನಿಂದ ದೈತ್ಯನನ್ನು ಕೆಡವಿದ ಹುಡುಗನಿಗೆ ಪಠ್ಯದಲ್ಲಿ ಒಂದೇ ವಾರ ಇತ್ತು, ನಾನು ಮೂರು ವಾರ ಕೊಟ್ಟೆ. ದೈತ್ಯನಿಗೆ ಅಕ್ಕೋರ ಕನ್ನಡಕವನ್ನು ಮನಸ್ಸಿನಲ್ಲೇ ಹಾಕಿ ನೋಡಿ ಖುಷಿಪಟ್ಟೆ. ಅಣ್ಣಂದಿರು ಗುಂಡಿಗೆ ತಳ್ಳಿ ಐಗುಪ್ತ ದೇಶಕ್ಕೆ ಮಾರಿಬಿಟ್ಟ ಬಣ್ಣದ ಅಂಗಿಯ ತಮ್ಮನ ಕಥೆ ಬಂತು. ಆ ತಮ್ಮ ಜೈಲು ಕಂಡ, ಮಂತ್ರಿಯಾದ, ಬರಗಾಲದಲ್ಲಿ ಅದೇ ಅಣ್ಣಂದಿರು ಕಾಳಿಗಾಗಿ ಬಂದು, ಅವನು ಯಾರೆಂದು ತಿಳಿಯದೆ, ಅವನ ಕಾಲಿಗೆ ಅಡ್ಡಬಿದ್ದರು. ಆಹಾ! ಅಲ್ಲಿಗೆ ಪುಸ್ತಕ ಮುಚ್ಚಿದೆ. ಮುಂದಿನ ವಾರದ ಪಾಠದಲ್ಲಿ ಅವನು ಅವರ ಕೊರಳು ತಬ್ಬಿಕೊಂಡು ಅಳುವುದಿತ್ತು. ಅದು ನನಗೆ ಸೇರಲಿಲ್ಲ. ಎರಡು ಹಾಳೆ ಒಟ್ಟಿಗೆ ಮಗುಚಿ ಹತ್ತು ಆಜ್ಞೆಗಳನ್ನೂ ಬಿಟ್ಟು ನೇರ ಯುದ್ಧಗಳಿಗೆ ಹೋದೆ.

ಕ್ವಿಜ್‌ನಲ್ಲಿ ಮಗಳು ಒಂದಾದ ಮೇಲೊಂದು ಉತ್ತರ ಹೇಳುತ್ತ ಮುಂದಿದ್ದಳು. ಬಾಯಿ ಬಿಡದ ಕೂಸು! ನಾನು ಅಕ್ಕೋರ ಮುಖವನ್ನೇ ನೋಡುತ್ತಿದ್ದೆ. ಕೊನೆಯ ಪ್ರಶ್ನೆ ಅವರೇ ಓದಿದರು: ಅಡ್ಡಬಿದ್ದ ಅಣ್ಣಂದಿರಿಗೆ ತಮ್ಮ ತಾನು ಯಾರೆಂದು ಹೇಳಿದಾಗ ಏನು ಮಾಡಿದ?

"ಎಲ್ಲಾರ್ನೂ ಜೈಲಿಗೆ ಹಾಕಿದ," ಎಂದಳು ಮಗಳು, ಗಟ್ಟಿಯಾಗಿ, ಸಂತೋಷದಿಂದ.

ಹಾಲ್ ತುಂಬ ನಗು. ಅಕ್ಕೋರು ನಗಲಿಲ್ಲ. ಕೈಯೆತ್ತಿ ಎಲ್ಲರ ಬಾಯಿ ಮುಚ್ಚಿಸಿದರು. "ನಗಬ್ಯಾಡ್ರಿ. ಅದಕ್ಕಿಂತ ಮೊದಲ ಮೂರು ದಿವಸ ಸೆರಿಮನ್ಯಾಗ ಇಟ್ಟಿದ್ದು ಖರೆ ಐತಿ. ಕೂಸು ಓದೇತಿ. ಅರ್ಧ ಮಾರ್ಕು," ಎಂದರು. ಕೊನೆಗೆ ಅವಳ ಸಮಕ್ಕೆ ಬಂದಿದ್ದ ಅವರ ವರ್ಗದ ಹುಡುಗಿ ಸರಿಯುತ್ತರ ಹೇಳಿದಳು, ಬಹುಮಾನ ಅವಳಿಗೇ ಹೋಯಿತು. ಅಕ್ಕೋರು ನಕ್ಕಿದ್ದರೆ ನನಗೆ ಹಬ್ಬವಾಗುತ್ತಿತ್ತು, ಹತ್ತು ವರ್ಷ ಬಯ್ಯಲು ಸಾಕಾಗುತ್ತಿತ್ತು. ಆ ಅರ್ಧ ಮಾರ್ಕನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಟೋದಲ್ಲಿ ಮಗಳು ಕೇಳಿದಳು, "ಮತ್ತ ಏನ ಮಾಡಿದ್ನ ಅವ?"

"ಅತ್ತ. ಅಪ್ಪಿಕೊಂಡ."

"ನಿನಗ ಗೊತ್ತಿತ್ತಾ ಮಮ್ಮಿ?"

"ಗೊತ್ತಿತ್ತು."

ಅವಳು ಜಗಳ ಮಾಡಲಿಲ್ಲ. ಮನೆಗೆ ಬಂದು ಪಠ್ಯವನ್ನೂ ಸತ್ಯವೇದವನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾನು ಕಲಿಸಿದ ಒಂದೊಂದೇ ಪಾಠವನ್ನು ಕೊನೆವರೆಗೆ ಓದತೊಡಗಿದಳು. ಮರುದಿನದಿಂದ ಗಣಿತದಲ್ಲೂ ನಾನು ಸರಿ ಎಂದ ಉತ್ತರವನ್ನು ಪುಸ್ತಕದ ಹಿಂಭಾಗ ತೆರೆದು ನೋಡಿಕೊಳ್ಳುತ್ತಿದ್ದಳು. ನನ್ನ ಕಣ್ಣೆದುರೇ. ಶಾಲೆ ಬಿಡಿಸಿದಾಗ ಬೇರೆ ಯಾರನ್ನೂ ನಂಬದಿದ್ದ ಹುಡುಗಿ ನನ್ನೊಬ್ಬಳನ್ನೇ ನಂಬಿದ್ದಳು. ಅದೂ ಹೋಯಿತೇ?

ಶನಿವಾರ ಬಟ್ಟೆ ಮಡಚುತ್ತಿದ್ದಾಗ ಬಂದು ನಿಂತಳು. "ಅವತ್ತ ಚಾ ಕುಡಿಯೂ ಮುಂದ ಅಕ್ಕೋರು ಕೋಳಿಮರಿ ಅಂದ್ರಲ್ಲ. ಆಮ್ಯಾಲ ಏನಂದ್ರು? ನೀ ನನ್ನ ಕೈ ಹಿಡದ ಎಳಕೊಂಡ ಬಂದಿ, ನನಗ ಕೇಳ್ಸಲಿಲ್ಲ."

ಏನೂ ಅನ್ನಲಿಲ್ಲ ಎನ್ನಬಹುದಿತ್ತು. ಅದು ಅಚ್ಚಾದ ಯಾವ ಪುಸ್ತಕದಲ್ಲೂ ಇಲ್ಲ, ಅವಳು ಎಲ್ಲಿ ತೆರೆದು ನೋಡುತ್ತಾಳೆ? ಓದುವ ನಿಮಗೂ ನಾನು ಹೇಳಿರಲಿಲ್ಲ. ಅಕ್ಕೋರು ನನ್ನ ಹಿಂದೆ ಗೇಟಿನವರೆಗೆ ಓಡಿ ಬಂದಿದ್ದರು.

"ತಪ್ಪಾತವಾ, ಆಡಬಾರದಿತ್ತು, ಅಂದ್ರು. ಇಕಿನ್ನ ನನ್ನ ಹತ್ರ ಕಳಸ್ರಿ, ನಾ ಬಾಯಿ ಬಿಡಸ್ತೀನಿ, ಅಂದ್ರು," ಎಂದೆ.

"ನೀ ಏನಂದಿ?"

"ಆಟೋ ಹತ್ತಿದೆ."

ಅವಳು ಎದುರಿಗೆ ಕೂತು, ತಮ್ಮನ ಅಂಗಿಯೊಂದನ್ನು ಎತ್ತಿಕೊಂಡು ಮಡಚಿದಳು. "ನಾಳೆ ನಾ ಅವ್ರ ಕ್ಲಾಸಿಗೆ ಹೋಗ್ತೀನಿ," ಎಂದಳು.

ಹೊಟ್ಟೆ ಧಗಧಗ ಉರಿಯಿತು. ಹೋಗು ಎಂದೆ.