ಮುಚ್ಚಿಟ್ಟ ಮನೆಯ ಚಿಗಟಗಳು

ನನ್ನ ಅಣ್ಣ ತೀರಿಕೊಂಡದ್ದು 2004ರ ಮಾರ್ಚ್ ಮೂರನೆಯ ವಾರದಲ್ಲಿ, ಬಸ್ರೂರಿನ ತನ್ನ ಮನೆಯಲ್ಲಿ, ಧನಿಷ್ಠಾ ನಕ್ಷತ್ರದಲ್ಲಿ. ಆ ನಕ್ಷತ್ರದಲ್ಲಿ ಸಾವಾದ ಮನೆಯನ್ನು ಉತ್ತರಕ್ರಿಯೆ ಮುಗಿಸಿ, ಸಾವಿನಿಂದ ಆರು ತಿಂಗಳು ತುಂಬುವವರೆಗೆ ಬಿಟ್ಟಿರಬೇಕೆಂಬುದು ನಮ್ಮವರ ನಂಬಿಕೆ. ಅಷ್ಟು ಕಾಲ ಅಲ್ಲಿ ದೀಪ ಹಚ್ಚುವಂತಿಲ್ಲ, ಒಲೆ ಹೊತ್ತಿಸುವಂತಿಲ್ಲ, ಕಸ ಗುಡಿಸುವಂತೆಯೂ ಇಲ್ಲ. ಅಣ್ಣ ಕೊನೆಯ ಎರಡು ತಿಂಗಳು ಮಲಗಿದ್ದ ಕೋಣೆಯ ಬಾಗಿಲನ್ನು ಅಂದೇ ಎಳೆದುಕೊಂಡರು. ಹಾಸಿಗೆಯನ್ನು ಮಾತ್ರ ಹೊರಗೊಯ್ದರು. ಮಂಚವೂ ಮಂಚದಡಿಯಲ್ಲಿ ನಾಯಿ ಮಲಗುತ್ತಿದ್ದ ಗೋಣಿಚೀಲವೂ ಇದ್ದಲ್ಲಿಯೇ ಉಳಿದವು. ಉತ್ತರಕ್ರಿಯೆ ಮುಗಿದ ಮಧ್ಯಾಹ್ನ ಅತ್ತಿಗೆ ಹೊರಬಾಗಿಲಿಗೆ ಬೀಗ ಹಾಕಿ, ನಾಯಿಯನ್ನೂ ಕರೆದುಕೊಂಡು ಬಿಜೂರಿನ ತವರಿಗೆ ಹೋದರು.

ಮನೆ ತೆರೆಯುವ ದಿನವನ್ನು ನಿರ್ಣಯಿಸುವ ಕೆಲಸ ನನಗೆ ಬಂತು. ಶಾಸನಗಳ ಕಾಲನಿರ್ಣಯ ನನ್ನ ವೃತ್ತಿಯಾಗಿತ್ತು. ನನ್ನ ಲೆಕ್ಕ ತಪ್ಪದೆಂದು ಅತ್ತಿಗೆಗೆ ಭರವಸೆ. ಆದರೆ ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸಿದರೆ ಆರು ತಿಂಗಳು ಸೆಪ್ಟೆಂಬರ್ ಮಧ್ಯಕ್ಕೆ ತುಂಬುತ್ತಿತ್ತು. ಚಾಂದ್ರಮಾಸ ಹಿಡಿದು ಅಧಿಕವನ್ನು ಬಿಟ್ಟು ಎಣಿಸಿದರೆ ಅಕ್ಟೋಬರ್ ಆಗುತ್ತಿತ್ತು. ಬಿಜೂರಿನಲ್ಲಿ ಗದ್ದೆ ತೋಟ ನೋಡಿಕೊಂಡಿದ್ದ ಅತ್ತಿಗೆಯ ಅಣ್ಣ ಎರಡನೆಯ ಲೆಕ್ಕದ ಪರ. ನಾನು ಮೊದಲನೆಯದನ್ನು ಹೇಳಿದೆ. ತಮ್ಮ ಮನೆಗೆ ಮರಳಲು ಅತ್ತಿಗೆಗಿದ್ದ ಆತುರ ನನ್ನ ಎಣಿಕೆಯನ್ನು ವಾಲಿಸಿತೇ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದು ಪ್ರಮಾಣ ಮಾಡಲಾರೆ.

ಚೌತಿ ಕಳೆದ ನಾಲ್ಕನೆಯ ದಿನ ಬಾಗಿಲು ತೆರೆದೆವು. ನನ್ನ ದಿನಚರಿಯಲ್ಲಿ ಬುಧವಾರವೆಂದಿದೆ; ಆ ವರ್ಷದ ಪಂಚಾಂಗಕ್ಕೂ ತಾಳೆಯಾಗುತ್ತದೆ. ಬೆಳಗಿನ ಹತ್ತು ಗಂಟೆ, ಒಳ್ಳೆಯ ಬಿಸಿಲು. ಕೋಣೆಯ ಹೊಸ್ತಿಲವರೆಗೆ ಬಂದ ನಾಯಿ ಅಲ್ಲಿಯೇ ನಿಂತುಬಿಟ್ಟಿತು. ಬೊಗಳಲಿಲ್ಲ, ಮುಂದೆಯೂ ಬರಲಿಲ್ಲ. ನಾನೂ ಅತ್ತಿಗೆಯೂ ಒಳಗೆ ಹೋದೆವು. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಅನಂತರ ನನ್ನ ಬಿಳಿ ಪಂಚೆಯ ಅಂಚಿನಲ್ಲಿ ಎಳ್ಳು ಚೆಲ್ಲಿದಂತೆ ಕಂಡಿತು. ಆರು ತಿಂಗಳ ಹಿಂದೆ ಅದೇ ಮನೆಯಲ್ಲಿ ಎಳ್ಳುನೀರು ಬಿಟ್ಟ ಕೈ ನನ್ನದು. ಉಳಿದ ಕಾಳುಗಳೇ ಇರಬೇಕೆಂದು ಕೊಡವಲು ಬಾಗಿದೆ. ಕಾಳುಗಳು ಹಾರಿದವು. ಅಷ್ಟರಲ್ಲಿ ಕಣಕಾಲಿನ ಸುತ್ತ ಉರಿ ಎದ್ದಿತ್ತು. ಬರಿಯ ಕಣಕಾಲು, ಯಾರೋ ನೆಲದಿಂದ ಕೈ ಚಾಚಿ ಹಿಡಿದರೆ ಎಲ್ಲಿಯವರೆಗೆ ಎಟುಕಬಹುದೋ ಅಲ್ಲಿಯವರೆಗೆ ಮಾತ್ರ.

ಅತ್ತಿಗೆಯ ಅಣ್ಣ ಒಳಗೆ ಎರಡು ಹೆಜ್ಜೆ ಇಟ್ಟು, ಕಾಲು ಜಾಡಿಸುತ್ತ ಹೊರಗೆ ಹಾರಿದರು.

"ಹ್ವಾಯ್ ಭಾವ, ನಾ ಹೇಳ್ಲಿಲ್ಯಾ? ತಿಂಗ್ಳ್ ತುಂಬ್ಲಿಲ್ಲೆ. ನಿಮ್ಮ್ ಲೆಕ್ಕ ಕಲ್ಲಿಗೇ ಸಮ, ಮನ್ಷ್ರಿಗಲ್ಲ."

"ಚಿಗಟ ಅಲ್ದಾ ಅದು" ಎಂದೆ.

"ಚಿಗಟ ಅಂದೇಳಿ ನಂಗೂ ಕಾಣತ್ತ್. ನಾಯಿ ಆರ್ ತಿಂಗ್ಳ್ ನಮ್ಮನೆಂಗೆ ಇದ್ದಿತ್. ಇಲ್ಲ್ ಒಂದ್ ನರಪಿಳ್ಳಿ ಇಲ್ಲೆ. ಹಾಂಗಾರೆ ಇವ್ ಯಾರ್ ರಕ್ತ ಕುಡ್ದ್ ಬದ್ಕಿದೊ?"

ದೋಷ ಇನ್ನೂ ಮನೆ ಬಿಟ್ಟಿಲ್ಲ, ಮತ್ತೆ ಬೀಗ ಹಾಕಿ ಬಿಜೂರಿಗೆ ಬಾ, ಮನೆ ಕೇಳುವವರು ಇದ್ದಾರೆ, ಮಾರಿಬಿಡೋಣ ಎಂದು ಅವರು ತಂಗಿಗೆ ಹೇಳಿದರು. ಅತ್ತಿಗೆ ಜಗಲಿಯ ಕಂಬ ಹಿಡಿದು ನಿಂತಿದ್ದರು.

"ಮತ್ತೊಂದ್ ಸಲ ಬೀಗ ಹಾಕ್ರೆ ಈ ಬಾಗ್ಲ್ ತೆಗುಕೆ ನೀನ್ ಬಿಡುದಿಲ್ಲೆ ಅಣ್ಣ, ನಂಗೊತ್ತಿತ್. ಹದಿನೈದ್ ದಿನ ಕೊಡ್."

"ಆಯ್ತ್. ಹದಿನೈದನೇ ದಿನ ನಾನೇ ಬತ್ತೆ, ಬಿಳಿ ಪಂಚಿ ಉಟ್ಕಂಡೇ ಬತ್ತೆ. ಒಂದ್ ಕಚ್ಚ್ರೂ ನೀನ್ ಹೊರ್ಡುದ್."

ಮರುದಿನ ಕುಂದಾಪುರದಲ್ಲಿ ಒಬ್ಬ ಪಶುವೈದ್ಯರನ್ನು ಕಂಡೆ. ನನ್ನ ಕಾಲು ನೋಡಿಯೇ ಅವರು ನಕ್ಕರು. "ಉಪಾಸ ಎಂತದೂ ಇಲ್ಲೆ ಸರ್. ಗೂಡಿನೊಳ್ಗ್ ಕಾದ್ಕಂಡ್ ಇದ್ದಿದ್ದೊ ಅವು" ಎಂದರು. ನಾಯಿಯ ಮೈಯಿಂದ ಉದುರಿದ ಮೊಟ್ಟೆ ನೆಲದ ಬಿರುಕಿನಲ್ಲಿ ಹುಳುವಾಗುತ್ತದೆ. ಹುಳು ದೂಳನ್ನೇ ಮೆತ್ತಿಕೊಂಡು ಗೂಡು ನೇಯುತ್ತದೆ. ಅದರೊಳಗೆ ಬೆಳೆದ ಚಿಗಟ ತಿಂಗಳುಗಟ್ಟಲೆ ಏನನ್ನೂ ತಿನ್ನದೆ, ಅಲುಗಾಡದೆ ಇರಬಲ್ಲದು. ನೆಲ ನಡುಗಿ, ಮೈಯ ಬಿಸಿ ತಾಕಿ, ಉಸಿರು ಸುಳಿದೊಡನೆ ಹೊರಬರುತ್ತದೆ. ಹಾಗಿದ್ದರೆ ಔಷಧಿ ಸಿಂಪಡಿಸಿ ಬಾಗಿಲು ಮುಚ್ಚುವುದೇ ಎಂದು ಕೇಳಿದೆ.

"ಮದ್ದ್ ಗೂಡಿನೊಳ್ಗ್ ಹೋತಿಲ್ಲೆ. ಬಾಗ್ಲ್ ಹಾಕ್ರೆ ಅವೂ ಕಾಯ್ತೊ. ಆ ಕೋಣೆಂಗೆ ದಿನಾ ನಡೀಕ್. ಮನ್ಷ್ರ್ ಬಂದ್ರ್ ಅಂದೇಳಿ ಎದ್ದ್ ಬರ್ಕ್, ಬಂದದ್ದನ್ನ ಕೊಲ್ಕ್."

ದಿನವೂ ಆ ಕೋಣೆಯಲ್ಲಿ ನಡೆದು, ಎದ್ದು ಬಂದವನ್ನು ಕೊಲ್ಲಬೇಕೆಂಬ ಸಲಹೆಯೊಡನೆ ಬಸ್ಸಿನಲ್ಲಿ ಮರಳುವಾಗ ನನಗೆ ಸಮಾಧಾನವಾಗಬೇಕಿತ್ತು. ಯಾರ ರಕ್ತವೆಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ಆರು ತಿಂಗಳು ಆ ಕತ್ತಲೆಯಲ್ಲಿ ನಮ್ಮ ಹೆಜ್ಜೆಗಾಗಿಯೇ ಕಿವಿಗೊಟ್ಟು ಕುಳಿತದ್ದು ಏನೋ ಇತ್ತೆಂಬುದನ್ನು ಆ ಉತ್ತರವೂ ಒಪ್ಪಿಕೊಂಡಿತ್ತು.

ಗೋಣಿಚೀಲವನ್ನು ಹಿತ್ತಲ ತುದಿಯಲ್ಲಿ ತೆಂಗಿನ ಒಣಗರಿ ಹಾಕಿ ಸುಟ್ಟೆವು. ಹಂಡೆಯಲ್ಲಿ ನೀರು ಮರಳಿಸಿ ನೆಲದ ಬಿರುಕುಗಳಿಗೆ ಹೊಯ್ದು, ನೆಲ ಒಣಗಿದ ಮೇಲೆ ವೈದ್ಯರು ಕೊಟ್ಟ ಪುಡಿಯನ್ನು ತುಂಬಿದೆವು. ನಾಯಿಗೆ ಔಷಧಿಯ ಸಾಬೂನಿನ ಸ್ನಾನ, ಹೇನು ಹಣಿಗೆಯಿಂದ ದಿನಕ್ಕೆರಡು ಸಲ ಮೈ ಬಾಚುವುದು. ನಾನು ದಿನವೂ ಬ್ರಹ್ಮಾವರದ ನನ್ನ ಮನೆಯಿಂದ ಹೋಗಿಬರುತ್ತಿದ್ದೆ. ಅತ್ತಿಗೆ ಚಾವಡಿಯಲ್ಲಿ ಮಲಗುತ್ತಿದ್ದರು.

ನಡೆಯುವ ಕೆಲಸವನ್ನು ಅವರು ನನಗೆ ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಅಣ್ಣನ ಹಳೆಯ ಬಿಳಿ ಪಂಚೆಯ ಪಟ್ಟಿಗಳನ್ನು ಮೊಣಕಾಲಿನವರೆಗೆ ಸುತ್ತಿಕೊಂಡು, ಮಂಚದ ಸುತ್ತ ಹಿಮ್ಮಡಿ ಊರಿ ನಡೆಯುತ್ತಿದ್ದರು. ನಾನು ಸಾಬೂನು ನೀರಿನ ಬೋಗುಣಿ ಹಿಡಿದು ಹೊಸ್ತಿಲಲ್ಲಿ ನಿಲ್ಲುತ್ತಿದ್ದೆ. ಸುತ್ತು ಮುಗಿಸಿ ಬಂದಾಗ ಬಟ್ಟೆಯ ಮೇಲೆ ಕರಿಯ ಚುಕ್ಕೆಗಳಿರುತ್ತಿದ್ದವು. ಹಣಿಗೆಯಿಂದ ಎಳೆದು ನೀರಿಗೆ ಅದ್ದುತ್ತಿದ್ದೆ. ಮೊದಲ ನಾಲ್ಕು ದಿನ ಅವು ಕಡಿಮೆಯಾಗಲಿಲ್ಲ. ನಡೆದಷ್ಟೂ ಹೆಚ್ಚು ಎದ್ದವು.

ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕಿಟಕಿಯೊಳಗೆ ಇಣುಕಿದಳು. "ಎಂತ ಅಕ್ಕ, ಪ್ರದಕ್ಷಿಣೆಯಾ?"

"ಹೌದೆ ಮಾರಾಯ್ತಿ. ನೀನೂ ಬಾ, ಪ್ರಸಾದ ಇತ್ತ್."

ಆಕೆ ನಕ್ಕಳು. ಆಮೇಲೆ, ಅತ್ತಿಗೆ ಬಚ್ಚಲಿಗೆ ಹೋದದ್ದನ್ನು ನೋಡಿ, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಆಸಾಡಿಯಂಗೆ ನಿಮ್ಮ್ ನಾಯಿ ಈ ಕೋಣೆಂಗೆ ಮೈ ಕೆರ್ಕಂಬು ಶಬ್ದ ಕೇಂತಿದ್ದಿತ್. ಹಿಂದಿನ್ ಕಾಲ್ ನೆಲಕ್ಕ್ ಬಡುದ್, ದಡ್ ದಡ್ ಅಂದೇಳಿ." ಆಷಾಢದಲ್ಲಿ ನಾನು ಬಿಜೂರಿಗೆ ಎರಡು ಸಲ ಹೋಗಿದ್ದೆ, ಎರಡು ಸಲವೂ ನಾಯಿಯನ್ನು ಅಲ್ಲಿ ಕಂಡಿದ್ದೆ. ದಿನಚರಿಯನ್ನು ಮತ್ತೆ ತೆಗೆದು ನೋಡಿದೆ. ಆಕೆಯ ಮಾತನ್ನು ಅದರ ಪಕ್ಕದಲ್ಲಿ ಬರೆದಿಟ್ಟಿದ್ದೇನೆ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ.

ಒಂಬತ್ತನೆಯ ದಿನ ಪಿತೃಪಕ್ಷ ಆರಂಭವಾಗಿತ್ತು. ಅಂದು ಬಟ್ಟೆಯ ಮೇಲೆ ಬೆರಳಲ್ಲಿ ಎಣಿಸುವಷ್ಟೇ ಸಿಕ್ಕವು. ಹದಿಮೂರನೆಯ ದಿನ ಒಂದೇ ಒಂದು. ಹದಿನಾಲ್ಕರಂದು ಏನೂ ಇಲ್ಲ. ಆ ದಿನ ಅತ್ತಿಗೆ ಸುತ್ತು ಮುಗಿಸಿದ ಮೇಲೂ ಅಣ್ಣನ ತಲೆದೆಸೆಯ ಬಳಿ ಬಹಳ ಹೊತ್ತು ನಿಂತಿದ್ದರು.

ಹದಿನೈದನೆಯ ದಿನ ಅವರ ಅಣ್ಣ ಮಾತಿನಂತೆ ಬಿಳಿ ಪಂಚೆಯಲ್ಲಿ ಬಂದರು. ಕೋಣೆಯ ನಡುವೆ ನಿಂತು ಒಮ್ಮೆ ಬಲವಾಗಿ ಕಾಲು ಅಪ್ಪಳಿಸಿದರು. ಪಂಚೆಯ ಅಂಚನ್ನು ಎತ್ತಿ ನೋಡಿದರು, ತಿರುಗಿಸಿ ನೋಡಿದರು. "ಎಂತದೂ ಇಲ್ಲೆ" ಎಂದು, ಕೊಂಚ ನಿರಾಶೆಯಿಂದಲೇ, ಕಾಫಿ ಕುಡಿದು ಊರಿಗೆ ಮರಳಲು ಬೈಂದೂರಿನ ಬಸ್ಸು ಹಿಡಿದರು. ಮನೆ ಅತ್ತಿಗೆಗೆ ಉಳಿಯಿತು. ಅವರು ಅಂದೇ ತಮ್ಮ ಹಾಸಿಗೆಯನ್ನು ಆ ಕೋಣೆಗೆ ಒಯ್ದರು.

ಹತ್ತು ದಿನದ ಅನಂತರ ನಾನು ಮುನ್ಸೂಚನೆ ಇಲ್ಲದೆ ಹೋದೆ. ಹನ್ನೊಂದು ದಾಟಿತ್ತು. ಬಾಗಿಲು ತೆರೆದಿತ್ತು, ಒಳಗಿನಿಂದ ಹಿಮ್ಮಡಿಯ ಸದ್ದು ಬರುತ್ತಿತ್ತು. ಅತ್ತಿಗೆ ಬರಿಗಾಲಿನಲ್ಲಿ, ಪಟ್ಟಿ ಸುತ್ತಿಕೊಳ್ಳದೆ, ಸೀರೆಯನ್ನು ಕಣಕಾಲಿನ ಮೇಲಕ್ಕೆ ಹಿಡಿದು ನಡೆಯುತ್ತಿದ್ದರು.

"ಇನ್ನೆಂತಕೆ ಅತ್ತಿಗೆ? ಎಲ್ಲಾ ಹೋಯ್ತಲ್ದಾ?"

ಅವರು ನಿಲ್ಲಲಿಲ್ಲ; ಕಣ್ಣು ಮಂಚದ ತಲೆದೆಸೆಯ ಮೇಲಿತ್ತು. "ಎದ್ದ್ ಬಪ್ಪುಕೆ ಬಾಕಿ ಇಪ್ಪುದ್ ಇದ್ರೆ?" ಎಂದರು.