ನೂರಾ ನಲವತ್ತು ಮನೆಗೂ ಒಂದೇ ಪಾಸ್‌ವರ್ಡ್

ಮೇಳಿಗೆ ಸುತ್ತಮುತ್ತ ಟಿವಿ ಕೇಬಲ್ ಎಳೆಯುತ್ತಿದ್ದ ಯೋಗರಾಜ್, ಕೊರೊನಾ ವರ್ಷ ಮಕ್ಕಳ ಪಾಠವೆಲ್ಲ ಮೊಬೈಲಿಗೆ ಬಂದಾಗ ಇಂಟರ್‌ನೆಟ್ ಲೈನಿಗೆ ಇಳಿದ. ಮರ ಬಿದ್ದು ಲೈನ್ ತುಂಡಾದರೆ ಏಣಿ ಹೊತ್ತು ಓಡುವವನೂ ಅವನೇ, ತಡವಾದರೆ ಬೈಸಿಕೊಳ್ಳುವವನೂ ಅವನೇ. ನೋಡನೋಡುತ್ತ ನೂರಾ ನಲವತ್ತು ಮನೆಯಾಯಿತು. ಎಲ್ಲ ಮನೆಯ ವೈಫೈ ಬಾಕ್ಸಿಗೂ ಒಂದೇ ಪಾಸ್‌ವರ್ಡ್ ಇಟ್ಟ. ದೂರು ಬಂದರೆ ಮನೆಯಲ್ಲೇ ಕೂತು ಸರಿಮಾಡಬಹುದಲ್ಲ ಎಂದು, ಹೊರಗಿನಿಂದ ಬಾಕ್ಸಿನೊಳಗೆ ಹೋಗುವ ದಾರಿಯನ್ನೂ ತೆರೆದೇ ಬಿಟ್ಟ.

ಚೌತಿ ಕಳೆದ ವಾರ ಪೊಲೀಸರು ಬಂದದ್ದು ಅವನಿಗೆ ಅಕ್ಷರ ಕಲಿಸಿದ ಮಂಜುನಾಥಪ್ಪ ಮೇಷ್ಟ್ರ ಮನೆಗೆ. ಬ್ಯಾಂಕಿನ ಹೆಸರಲ್ಲಿ ಯಾರ್ಯಾರಿಗೋ ಮೋಸದ ಮೆಸೇಜು ಹೋಗಿತ್ತು; ಹೊರಟದ್ದು ಮೇಷ್ಟ್ರ ಮನೆಯ ಲೈನಿನಿಂದ. ಲೈನ್ ಕೊಟ್ಟ ಯೋಗರಾಜನನ್ನೂ ಅಲ್ಲಿಗೇ ಕರೆಸಿದರು.

"ಸ್ಟೇಷನ್ ಮೆಟ್ಲು ಹತ್ತಿದವ್ನಲ್ಲ ನಾನು. ಎಂತದೋ ಇದು, ಯೋಗರಾಜ?" ಎಂದರು ಮೇಷ್ಟ್ರು.

ಇನ್‌ಸ್ಪೆಕ್ಟರು ಬಾಕ್ಸನ್ನು ತಿರುಗಿಸಿ ನೋಡಿದರು. "ಇದನ್ನ ಯಾರೂ ಆಫ್ ಮಾಡೋದೇ ಇಲ್ಲ. ಎಲ್ಲೋ ಕೂತವ್ರು ಒಳಗೆ ನುಗ್ಗಿ ಬಳಸ್ಕೊಂಡಿದಾರೆ. ಪಾಸ್‌ವರ್ಡ್ ಯಾರು ಇಟ್ಟಿದ್ದು?"

"ನಾನೇ ಸರ್."

"ಬೇರೆ ಮನೆಗಳದ್ದು?"

"ಅದೂ... ಅದೇ ಸರ್."

ಮೇಷ್ಟ್ರು ಅವನತ್ತ ನೋಡಲಿಲ್ಲ. ಅವರದೇನೂ ತಪ್ಪಿಲ್ಲವೆಂದು ಹೇಳಿಕೆ ಬರೆಸಿಕೊಂಡು ಪೊಲೀಸರು ಹೋದ ಮೇಲೆ, "ಕಿತ್ಕೊಂಡ್ ಹೋಗು ಇದನ್ನ" ಎಂದರಷ್ಟೆ.

ಆ ದಿನವೇ ಯೋಗರಾಜ್ ಮನೆಯಲ್ಲಿ ಕೂತು, ಒಂದೊಂದೇ ಬಾಕ್ಸಿಗೆ ಹೊರಗಿನಿಂದ ಹೋಗುವ ದಾರಿ ಮುಚ್ಚುತ್ತ ಬಂದ. ಹನ್ನೊಂದು ಬಾಕ್ಸುಗಳು ಅವನ ಪಾಸ್‌ವರ್ಡನ್ನು ಒಪ್ಪಲೇ ಇಲ್ಲ. ಅವನಿಗಿಂತ ಮೊದಲೇ ಯಾರೋ ಬದಲಿಸಿಬಿಟ್ಟಿದ್ದರು. ಬಾಕ್ಸನ್ನು ಅಲ್ಲೇ ರೀಸೆಟ್ ಮಾಡಲು ಮರುದಿನದಿಂದ ಆ ಮನೆಗಳಿಗೆ ಅಲೆದ.

"ಎಂತ ಕದೀತಾರೋ ನಮ್ಮನೇಲಿ? ಬ್ಲೌಸಿನ ಅಳತೆಯಾ?" ಎಂದು ನಕ್ಕಳು ಟೈಲರ್ ಹೇಮಾವತಿ. "ಆರ್ಡರೆಲ್ಲ ವಾಟ್ಸಾಪಲ್ಲೇ ಬರೋದು. ಬಾಕ್ಸ್ ಮುಟ್ಬೇಡ ನೀನು."

"ಅಕ್ಕಾ, ಕದಿಯೋದಲ್ಲ! ನಿಮ್ಮನೆ ಲೈನಲ್ಲಿ ಅವ್ರು ಮೋಸ ಮಾಡ್ತಾರೆ, ಪೊಲೀಸ್ರು ಬರೋದು ನಿಮ್ಮನೆಗೆ!"

ಅರ್ಧ ಗಂಟೆ ಗಂಟಲು ಹರಿದುಕೊಂಡ ಮೇಲೆ ಒಪ್ಪಿದಳು. ಹೊಸ ಪಾಸ್‌ವರ್ಡ್ ನೀವೇ ಹೇಳಿ ಅಂದರೆ, "ಹಳೇದೇ ಇಡು ಮಾರಾಯ, ಅದಾದ್ರೆ ಬಾಯಿಗೆ ಬರತ್ತೆ" ಅಂದಳು. ಯೋಗರಾಜನಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಕೊನೆಗೆ ಉಳಿದದ್ದು ಗಜಾನನರ ಮನೆ. ಬೀಗ ಹಾಕಿ, ಒಳಗೆ ಬಾಕ್ಸನ್ನೂ ಕ್ಯಾಮೆರಾವನ್ನೂ ಚಾಲೂ ಬಿಟ್ಟು ಯಾತ್ರೆಗೆ ಹೋಗಿದ್ದರು. ಎರಡು ದಿನ ಫೋನ್ ಮಾಡಿದರೂ ಎತ್ತಲಿಲ್ಲ. ಮೂರನೇ ದಿನ ಯೋಗರಾಜ್ ಕಂಬ ಹತ್ತಿ ಅವರ ಲೈನನ್ನೇ ಬಿಚ್ಚಿದ. ಏಣಿ ಇಳಿಯುವಷ್ಟರಲ್ಲಿ ಅವರದೇ ಫೋನು.

"ಕ್ಯಾಮೆರಾ ಯಾಕ್ರೀ ಬರ್ತಿಲ್ಲ? ಮನೆ ಕಾಣ್ತಾ ಇಲ್ಲ ನಂಗೆ! ಎಂತ ಸರ್ವೀಸ್ರೀ ನಿಮ್ದು?"

"ಗಜಾನನಣ್ಣ, ಒಂದ್ನಿಮಿಷ. ಆ ಮನೆ ನಿಮಗೊಬ್ರಿಗೇ ಕಾಣ್ತಾ ಇದ್ದಿದ್ದಲ್ಲ, ಬಾಕ್ಸೊಳಗೆ ನುಗ್ಗಿದವ್ರಿಗೂ..."

ಆ ಕಡೆ ಕೇಳಿಸಿಕೊಳ್ಳುವವರಿರಲಿಲ್ಲ. ಬೈಗುಳ ಮುಗಿಯುವವರೆಗೂ ಅವನು ಏಣಿ ಹಿಡಿದುಕೊಂಡೇ ನಿಂತಿದ್ದ.