ಸುಣ್ಣ ಬಳಿದ ಮನೆಗೆ ಸಾಲವಿಲ್ಲವಂತೆ

ಕಳೆದ ತಿಂಗಳು ನಾನು ಒಬ್ಬ ಬಡ ಹೆಣ್ಣುಮಗಳ ಅರ್ಜಿಯನ್ನು ಹಾಳು ಮಾಡಿದೆ. ಅದೂ ಒಂದೇ ಒಂದು ಮಾತಿನಿಂದ.

"ಮಂಗಳವಾರ ಎಂಜಿನಿಯರ್ ಸಾಹೇಬ್ರು ನಿನ್ನ ಮನಿ ನೋಡಾಕ ಬರ್ತಾರ. ಸ್ವಲ್ಪ ಹಸನ ಮಾಡಿಟ್ಕೊ" ಅಂದಿದ್ದೆ.

ಹುಸೇನಬಿ ಹಸನು ಮಾಡಿದಳು. ಎಷ್ಟು ಹಸನು ಮಾಡಿದಳೆಂದರೆ, ಬಂದ ಎಂಜಿನಿಯರು ಬಾಗಿಲಲ್ಲೇ ನಿಂತು ಎರಡು ಫೋಟೋ ಹೊಡೆದುಕೊಂಡರು. ಚಹಾಕ್ಕೂ ನಿಲ್ಲಲಿಲ್ಲ. ಹತ್ತು ದಿನಕ್ಕೆ ಆಫೀಸಿನಿಂದ ಪತ್ರ ಬಂತು: 'ಮನೆ ಸುಸ್ಥಿತಿಯಲ್ಲಿದೆ. ದುರಸ್ತಿಯ ಅಗತ್ಯ ಕಂಡುಬಂದಿರುವುದಿಲ್ಲ.' ಅರ್ಜಿ ವಜಾ.

(ಯಾವ ಆಫೀಸು ಎಂದು ಕೇಳಬೇಡಿ. ನೀವು ಯಾವ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದ್ದೀರೋ ಅದೇ ಎಂದುಕೊಳ್ಳಿ.)

ಹುಸೇನಬಿ ಯಾರೆಂದು ಹೇಳಲಿಲ್ಲ ಅಲ್ಲವೇ? ಕುಷ್ಟಗಿಯಲ್ಲಿ ನಮ್ಮ ಹಿಂದಿನ ಓಣಿಯವಳು. ಹಳೆ ಸೀರೆ, ಹರಕು ಧೋತರ ಕೊಟ್ಟರೆ ಒಂದರ ಮೇಲೊಂದು ಹಾಸಿ ಕೌದಿ ಹೊಲಿದು ಕೊಡುತ್ತಾಳೆ. ನಮ್ಮ ಮನೆಯಲ್ಲಿ ಅವಳು ಹೊಲಿದ ಮೂರು ಕೌದಿಗಳಿವೆ. ಬಟ್ಟೆ ಎಲ್ಲಿ ಹರಿದಿತ್ತೆಂದು ಹುಡುಕಿ ನೋಡಿ, ಸಿಕ್ಕರೆ ಕೇಳಿ. ಹರಿದದ್ದು ಕಾಣಬಾರದು, ಅದು ಅವಳ ಕಸುಬಿನ ಹೆಮ್ಮೆ. ಗಂಡ ಕಾರಟಗಿಯ ರೈಸ್ ಮಿಲ್ಲಿನಲ್ಲಿ ಹಮಾಲ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಮನೆಯಲ್ಲಿ ವಯಸ್ಸಾದ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ನಾನು ಕಲಿಸುವ ಶಾಲೆಯಲ್ಲೇ ಓದುತ್ತಾಳೆ, ಹಾಗಾಗಿ ಹುಸೇನಬಿಗೆ ನಾನು 'ಅಕ್ಕಾರು'. ನಮ್ಮ ಕಡೆ ಮೇಡಂ ಎನ್ನುವುದಕ್ಕಿಂತ ಅದೇ ಹೆಚ್ಚು ಗೌರವ.

ಮನೆ ಹಳೆಯ ಮಾಳಿಗೆ ಮನೆ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. ಕಲ್ಲು-ಮಣ್ಣಿನ ಗೋಡೆ, ನಡುವೆ ಒಂದು ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿಗಳು, ಅವುಗಳ ಮೇಲೆ ಮಣ್ಣು. ಮಳೆಗಾಲಕ್ಕೆ ಮೊದಲು ಮಾಳಿಗೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಹಾಕುತ್ತಲೇ ಹೋದರೆ? ಭಾರವಾಗುತ್ತದೆ. ಹುಸೇನಬಿಯ ಮಾವನ ಕಾಲದಿಂದ ವರ್ಷ ವರ್ಷ ಹಾಕಿದ ಮಣ್ಣೆಲ್ಲ ಆ ಒಂದು ತೊಲೆಯ ಮೇಲೆ ಕೂತಿದೆ. ಗೆದ್ದಲು ಬೇರೆ. ಹೋದ ಮಳೆಗಾಲದಲ್ಲಿ ತೊಲೆ ನಡುವೆ ಸೀಳಿತು. ಗಂಡ ಅದರ ಕೆಳಗೆ ಒಂದು ಜಾಲಿ ಕಂಬ ನಿಲ್ಲಿಸಿ ಕೆಲಸಕ್ಕೆ ಹೋದ.

ಅಂದಿನಿಂದ ಆ ಮನೆಯಲ್ಲೊಂದು ಕಾನೂನು. ನಡುಮನೆಯ ಮಧ್ಯದಲ್ಲಿ ಯಾರೂ ಕೂರುವಂತಿಲ್ಲ, ಮಲಗುವಂತಿಲ್ಲ. ಊಟ, ಓದು, ಹೊಲಿಗೆ, ಹಾಸಿಗೆ ಎಲ್ಲವೂ ಗೋಡೆಗೆ ಅಂಟಿಕೊಂಡೇ. ಸಣ್ಣವಳು ಆಟವಾಡುವಾಗಲೂ ನಡುವಿನ ಜಾಗ ಬಿಟ್ಟು ಸುತ್ತು ಹಾಕಿಯೇ ಓಡುತ್ತಾಳೆ. ಅದನ್ನು ನೋಡಿದ ದಿನವೇ ನಾನು ಅರ್ಜಿ ಫಾರಂ ತಂದದ್ದು.

ಕಡಿಮೆ ಆದಾಯದವರ ಮನೆ ದುರಸ್ತಿಗೆಂದೇ ಸಾಲ ಇದೆ, ಕೇಳಿದ್ದೀರಲ್ಲ? ಆಫೀಸಿನವರು ಮನೆ ನೋಡಿ ಶಿಫಾರಸು ಮಾಡಬೇಕು, ಬ್ಯಾಂಕು ಸಾಲ ಕೊಡಬೇಕು, ಬಡ್ಡಿಯಲ್ಲಿ ಒಂದಿಷ್ಟನ್ನು ಸರ್ಕಾರ ಹೊರುತ್ತದೆ. ಒಳ್ಳೆಯ ಯೋಜನೆಯೇ. ಫಾರಂ ನಾನೇ ತುಂಬಿದೆ. ಆಧಾರ್, ರೇಷನ್ ಕಾರ್ಡ್, ಆದಾಯದ ಸರ್ಟಿಫಿಕೇಟ್, ಮನೆ ಅವರದೇ ಎಂದು ತೋರಿಸುವ ಉತಾರ, ಎಲ್ಲದರ ಝೆರಾಕ್ಸ್. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ರಿಪೇರಿಗೆ ಅರ್ಜಿ ಹಾಕಿ ನೋಡಿರಲಿಲ್ಲ, ಪುಣ್ಯವಂತರು.

ಆಮೇಲೆ ನಾನು ಆ ಮಾತು ಅಂದೆ. ಹಸನು ಮಾಡಿಟ್ಟುಕೋ.

ಅವಳು ಎರಡು ದಿನ ಹೊಲಿಗೆ ಬಿಟ್ಟಳು. ಗೋಡೆಯ ಬಿರುಕಿಗೆ ಮಣ್ಣು-ಹೊಟ್ಟು ಕಲಸಿ ಮೆತ್ತಿದಳು. ಸುಣ್ಣಕ್ಕೆ ನೀಲಿ ಬೆರೆಸಿ ಎರಡು ಕೈ ಬಳಿದಳು. ಕೆಳಗೆ ಕೆಮ್ಮಣ್ಣಿನ ಪಟ್ಟಿ. ಆ ಜಾಲಿ ಕಂಬವನ್ನೂ ಬಿಡಲಿಲ್ಲ, ಅದಕ್ಕೂ ಸುಣ್ಣ, ಅದಕ್ಕೂ ಪಟ್ಟಿ. ತೊಲೆ ಸೀಳಿದ ಕಡೆ ಮಗಳು ಬಣ್ಣದ ಕಾಗದದ ತೋರಣ ಕಟ್ಟಿದಳು. ಮಂಗಳವಾರ ಸಂಜೆ ಹೋಗಿ ನೋಡಿದ ನಾನು, "ಛಲೋ ಮಾಡೀದಿ ನೋಡು" ಎಂದು ಹೊಗಳಿಯೂ ಬಂದೆ. ಎಂ.ಎ., ಬಿ.ಎಡ್. ಓದಿದ ಬುದ್ಧಿ!

ಪತ್ರವನ್ನು ನಾನೇ ಹುಸೇನಬಿಗೆ ಓದಿ ಹೇಳಿದೆ.

"ಮನಿ ಛಲೋ ಐತಿ ಅಂತ ಬರದಾರಾ?" ಅಂದಳು. ಒಂದು ಕ್ಷಣ ಅವಳ ಮುಖದಲ್ಲಿ ಖುಷಿಯೇ ಕಂಡಿತು. ಆಮೇಲೆ ಅರ್ಥವಾಯಿತು.

ನನಗೆ ನನ್ನ ಮೇಲೇ ಸಿಟ್ಟು ಬಂದಿತ್ತು. ಅದನ್ನು ಬೇರೆ ಯಾರ ಮೇಲಾದರೂ ತೀರಿಸಬೇಕಲ್ಲ, ಆಫೀಸಿಗೆ ಹೋದೆ. ಅಲ್ಲಿನ ಕ್ಲರ್ಕ್ ಒಳ್ಳೆಯವನೇ. ಕಂಪ್ಯೂಟರ್ ತಿರುಗಿಸಿ ಫೋಟೋ ತೋರಿಸಿದ. "ನೀವ ನೋಡ್ರಿ ಅಕ್ಕಾರ, ಎಲ್ಲೈತಿ ಬಿರುಕು? ಫೋಟೋದಾಗ ಕಾಣಬೇಕ್ರಿ. ಕಾಣದ ಬಿರುಕಿಗೆ ನಾವೇನ್ ಮಾಡೂಣು?"

ಫೋಟೋದಲ್ಲಿ ನಿಜವಾಗಿಯೂ ಚೆಂದದ ಮನೆ ಇತ್ತು. ಆ ಕಂಬವಂತೂ ಬೇಕೆಂದೇ ನಿಲ್ಲಿಸಿದ ಹಾಗೆ ಕಾಣುತ್ತಿತ್ತು.

ಮರುಪರಿಶೀಲನೆಗೆ ಅರ್ಜಿ ಕೊಟ್ಟು ಬಂದೆ. ಆಗ ಹುಸೇನಬಿಯ ಮನೆಗೆ ಸಲಹೆ ಕೊಡಲು ಬಂದವನು ಝೆರಾಕ್ಸ್ ಅಂಗಡಿಯ ಬಸಣ್ಣ. ಇಂಥ ಅರ್ಜಿಗಳನ್ನು ನೂರಾರು ನೋಡಿದವನು. ಅವನ ಯೋಜನೆ ಪಕ್ಕಾ ಇತ್ತು.

"ಹುಸೇನಬಿ, ಮೊದಲ ಆ ಸುಣ್ಣ ಕೆರದು ತಗಿ. ಹಿತ್ತಲ ಗ್ವಾಡಿ ಒಂದ ಮೂಲಿ ಬೀಳಿಸು. ಸಾಹೇಬ್ರು ಬಂದಾಗ ಅತ್ತೀನ್ನ ತೊಲಿ ಕೆಳಗ ಒಂದು ಹರಕ ಕೌದಿ ಮ್ಯಾಲ ಮಲಗಸು. ನೀನೂ ಹಳೇ ಸೀರಿ ಉಟ್ಕೊ. ಕಣ್ಣಾಗ ನೀರು ಬಂದ್ರ ಇನ್ನೂ ಛಲೋ."

ನಾನು ತಲೆಯಾಡಿಸಿದೆ. ನಿಜ ಹೇಳುತ್ತೇನೆ, ನನಗೂ ಅದೇ ಸರಿ ಅನ್ನಿಸಿತ್ತು. ಕೆಲಸ ಆಗಬೇಕಲ್ಲ?

ಹುಸೇನಬಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು.

"ಬಸಣ್ಣಾ, ನಮ್ಮ ಮನ್ಯಾಗ ಹರಕ ಕೌದಿ ಇಲ್ಲ. ಎಲ್ಲಿಂದ ತರ್ಲಿ? ಗ್ವಾಡಿ ನಾನ ಕೆಡವಿ, ನಾನ ಸಾಲಾ ಮಾಡಿ ಕಟ್ಟಿಸ್ಲೇನು? ಬಡತನ ಐತಿ, ಖರೆ. ಮಂದಿ ಬರೋ ಹೊತ್ತಿಗೆ ಹೊಲಸ ಮಾಡಿ ತೋರ್ಸೋದು ನಮ್ಮತ್ತಿ ನನಗ ಕಲಿಸಿಲ್ಲ."

ಮೂಲೆಯಲ್ಲಿ ಕೂತಿದ್ದ ಅತ್ತೆ, "ನಾ ತೊಲಿ ಕೆಳಗ ಮಲಗಂಗಿಲ್ಲಪ್ಪ. ಅದು ಬಿತ್ತಂದ್ರ?" ಅಂದರು. ಬಸಣ್ಣ ಎದ್ದು ಹೋದ.

ಹೋಗುವಾಗ ಬಾಗಿಲಲ್ಲಿ ನನಗಷ್ಟೇ ಕೇಳುವಂತೆ ಒಂದು ಗಾದೆ ಹೇಳಿದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಿಮಗೆಲ್ಲ ಗೊತ್ತಿರುವುದೇ. ನಾನೂ ತರಗತಿಯಲ್ಲಿ ಎಷ್ಟೋ ಸಲ ವಿಸ್ತರಿಸಿ ಬರೆಸಿದ್ದೇನೆ. ಅಂದು ಮೊದಲ ಸಲ ಯೋಚಿಸಿದೆ. ಈ ಗಾದೆ ಕಟ್ಟಿದವನ ಹೊಟ್ಟೆಯಲ್ಲಿ ಹಿಟ್ಟು ಇತ್ತೋ ಇಲ್ಲವೋ? ಖಂಡಿತ ಇತ್ತು. ಹಸಿದವನಿಗೆ ಹೂವು ಯಾಕೆ ಎಂದು ಕೇಳುವ ಪುರಸೊತ್ತು ತುಂಬಿದ ಹೊಟ್ಟೆಗೆ ಮಾತ್ರ ಇರುತ್ತದೆ.

ಈಗ ನನ್ನ ಕಥೆ ಹೇಳುತ್ತೇನೆ, ಕೇಳಿ. ಕೆಲವು ವರ್ಷಗಳ ಹಿಂದೆ ನಾನೂ ಮನೆಗೆ ಸಾಲ ತೆಗೆದೆ. ಇದ್ದ ಮನೆಯ ಮೇಲೆ ಎರಡು ಕೋಣೆ ಏರಿಸಲು. ಬ್ಯಾಂಕಿನವರು ಮನೆಯ ಬೆಲೆ ಕಟ್ಟಲು ಬರುವವರಿದ್ದರು. ಅದರ ಹಿಂದಿನ ವಾರ ಅದೇ ಬ್ಯಾಂಕಿಗೆ ಓಡಾಡುವ ಪರಿಚಯದವರೊಬ್ಬರು ಫೋನ್ ಮಾಡಿ, "ಅಕ್ಕಾರ, ಒಂದು ಕೋಟ್ ಪೇಂಟ್ ಹೊಡಸ್ಬಿಡ್ರಿ, ವ್ಯಾಲ್ಯೂ ಛಲೋ ಬರತೈತಿ" ಅಂದರು. ಹೊಡೆಸಿದೆ. ಮುಂದಿನ ಗೋಡೆಯ ಬಿರುಕಿಗೆ ಪುಟ್ಟಿ ಹಾಕಿಸಿದೆ. ಬಂದವರು ಸೋಫಾದಲ್ಲಿ ಕೂತು ಉಪ್ಪಿಟ್ಟು ತಿಂದರು. ವ್ಯಾಲ್ಯೂ ಛಲೋ ಬಂತು. ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇವೆ ಅಂದರು.

ನಾನು ಬಿರುಕು ಮುಚ್ಚಿದೆ, ಸಾಲ ಹೆಚ್ಚಾಯಿತು. ಹುಸೇನಬಿ ಬಿರುಕು ಮುಚ್ಚಿದಳು, ಸಾಲ ಹೋಯಿತು. ಗೋಡೆಗೆ ಬಳಿದದ್ದು ಇಬ್ಬರೂ. ನನ್ನದು ಸಂಬಳದ ಗೋಡೆ, ಅಷ್ಟೇ ವ್ಯತ್ಯಾಸ.

ನಾವು ಬಡವರಿಗೆ ಸಾಲ ಕೊಡುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ಕೊಡುತ್ತೇವೆ, ಆದರೆ ನೀನು ಬಡವಳಂತೆ ಕಾಣಬೇಕು ಅನ್ನುತ್ತೇವೆ. ಆಫೀಸು ಮಾತ್ರವಲ್ಲ, ನಾವೂ. ಸಹಾಯ ಕೇಳಲು ಬಂದವಳ ಕೈಯಲ್ಲಿ ಒಳ್ಳೆ ಮೊಬೈಲು ಕಂಡರೆ ನಮ್ಮ ಹುಬ್ಬು ಏರುವುದಿಲ್ಲವೇ? ಮಗಳಿಗೆ ಹೊಸ ಫ್ರಾಕ್ ಹಾಕಿದ್ದರೆ, ಇವಳಿಗೇನು ಕಷ್ಟ ಅನ್ನುವುದಿಲ್ಲವೇ? ನನಗೆ ಹುಬ್ಬು ಏರುತ್ತಿತ್ತು. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಮರುಪರಿಶೀಲನೆಯ ದಿನ ನಾನು ರಜೆ ಹಾಕಿ ಹೋದೆ. ಬಾಗಿಲಲ್ಲೇ ಹಣೆ ಚಚ್ಚಿಕೊಂಡೆ. ಮಹಾತಾಯಿ ಮತ್ತೆ ಸುಣ್ಣ ಬಳಿದಿದ್ದಳು! ಮೊದಲಿಗಿಂತ ಬೆಳ್ಳಗೆ. ತಾನೂ ಹಬ್ಬದ ಸೀರೆ ಉಟ್ಟಿದ್ದಳು. ಬದಲಾದದ್ದು ಒಂದೇ, ಕಾಗದದ ತೋರಣ ಇರಲಿಲ್ಲ.

"ಏನ್ ಮಾಡೀದಿ ಇದು?" ಅಂದೆ.

"ನೀವ್ ಸುಮ್ನ ಗ್ವಾಡಿಗೆ ಕುಂದರ್ರಿ ಅಕ್ಕಾರ" ಅಂದಳು.

ಎಂಜಿನಿಯರು ಬಂದರು. ಮೊದಲು ಬಂದಿದ್ದವರೇ. ತುಮಕೂರು ಕಡೆಯ ಹುಡುಗ, ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿಲ್ಲ. ಒಳಗೆ ಬಂದವರೇ ಬೆಳ್ಳನೆಯ ಗೋಡೆ ನೋಡಿ ನನ್ನ ಕಡೆ ನೋಡಿದರು. ಇದಕ್ಕಾ ನನ್ನನ್ನು ಮತ್ತೆ ಕರೆಸಿದ್ದು ಎನ್ನುವ ನೋಟ.

ಹುಸೇನಬಿ ಪಕ್ಕದ ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿಯನ್ನು ನಡುಮನೆಯ ನಟ್ಟನಡುವೆ, ಕಂಬದ ಪಕ್ಕ, ಸೀಳಿದ ತೊಲೆಯ ನೇರ ಕೆಳಗೆ ಹಾಕಿದಳು. ಸೆರಗಿನಿಂದ ಒರೆಸಿದಳು.

"ಕುಂದರ್ರಿ ಸಾಹೇಬ್ರ. ಹೋದ ಸಲ ಹಂಗ ಹೋಗಿಬಿಟ್ರಿ. ಚಾ ಕುಡದ ಹೋಗ್ಬೇಕು."

ಅವರು ಕೂತರು. ಅವಳು ಒಳಗೆ ಹೋದಳು. ನಾನು ಗೋಡೆಗೆ, ಅತ್ತೆ ಗೋಡೆಗೆ, ಮಕ್ಕಳಿಬ್ಬರೂ ಗೋಡೆಗೆ. ಇಷ್ಟು ಜನ ಗೋಡೆಗಂಟಿ ತಮ್ಮನ್ನೇ ನೋಡುತ್ತಿರುವುದು ಸ್ವಲ್ಪ ಹೊತ್ತಿಗೆ ಅವರಿಗೆ ವಿಚಿತ್ರ ಅನ್ನಿಸಿರಬೇಕು. ಅಷ್ಟರಲ್ಲಿ ಅವರ ನೀಲಿ ಶರ್ಟಿನ ಭುಜದ ಮೇಲೆ ಸಣ್ಣಗೆ ಮರದ ಪುಡಿ ಬಿತ್ತು. ಕೊಡವಿಕೊಂಡರು. ಮತ್ತೆ ಬಿತ್ತು. ಮೇಲೆ ನೋಡಿದರು.

ಈ ಸಲ ಸರಿಯಾಗಿ ನೋಡಿದರು. ಬೆಳ್ಳಗಿನ ಸುಣ್ಣದ ನಡುವೆ ಸೀಳು ಇನ್ನಷ್ಟು ಕಪ್ಪಗೆ ಕಾಣುತ್ತಿತ್ತು. ಅಂಗೈ ಹೋಗುವಷ್ಟು ಅಗಲ.

ಮೆಲ್ಲಗೆ ಎದ್ದರು. ಕುರ್ಚಿಯನ್ನು ಗೋಡೆಯ ಕಡೆ ಸರಿಸತೊಡಗಿದರು.

ಹುಸೇನಬಿ ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಯಾಕ್ರಿ ಸಾಹೇಬ್ರ, ಸರದ್ರಿ? ಮನಿ ಛಲೋ ಐತಿ ಅಂತ ನೀವ ಬರದಿರಲ್ಲ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು ಅನ್ನಿಸುತ್ತದೆ. ಹುಡುಗ ಕೆಂಪಾದ. "ಈ ಕಂಬ ಮೊದ್ಲಿಂದಾನೂ ಇತ್ತು ಅನ್ಕೊಂಡಿದ್ದೆ ಅಮ್ಮ" ಅಂದ.

"ಹೋದ ವರ್ಷ ನಿಂದರಿಸೀವ್ರಿ. ಅದ ಇಲ್ಲಂದ್ರ ನಾವೂ ಇರ್ತಿರಲಿಲ್ಲ."

ಅವನೂ ಒಳ್ಳೆಯವನೇ (ಈ ದೇಶದಲ್ಲಿ ಪ್ರತಿಯೊಬ್ಬನೂ ಒಳ್ಳೆಯವನೇ, ಕೆಲಸ ಮಾತ್ರ ಆಗುವುದಿಲ್ಲ). ಏಣಿ ತರಿಸಿ ಮಾಳಿಗೆ ಹತ್ತಿದ. ಮಣ್ಣಿನ ದಪ್ಪ ಅಳೆದ. ಫೋಟೋ ತೆಗೆಯುವಾಗ ಮಾತ್ರ ಹಳೆ ಚಾಳಿ ಬಿಡಲಿಲ್ಲ, "ಅಮ್ಮ, ಕಂಬದ ಪಕ್ಕ ನಿಂತ್ಕೊಳ್ಳಿ, ಸ್ವಲ್ಪ ಸಪ್ಪಗೆ ಮುಖ ಮಾಡಿ" ಅಂದ. ಹುಸೇನಬಿ ಸೆರಗು ಸರಿಮಾಡಿಕೊಂಡು ಹಲ್ಲು ಕಾಣುವಂತೆ ನಕ್ಕಳು. ಸರ್ಕಾರಿ ಫೈಲಿನಲ್ಲಿ ಈಗ ಆ ನಗು ಇದೆ. ಕೆಳಗೆ ಅವನದೇ ಅಕ್ಷರದಲ್ಲಿ ಬರೆದಿದೆ: 'ತೊಲೆ ಶಿಥಿಲ. ಛಾವಣಿ ಬದಲಾವಣೆ ತುರ್ತು.'

ಗೆದ್ದೆವು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಆಫೀಸಿನ ಶಿಫಾರಸಾದ ಮೇಲೆ ಬ್ಯಾಂಕು ಇದೆಯಲ್ಲ. ಬರುವ ಸೋಮವಾರ ಬ್ಯಾಂಕಿನವರು ಮನೆ ನೋಡಲು ಬರುತ್ತಾರೆ. ಅವರಿಗೆ ಬೇಕಾದದ್ದು ಬೇರೆ. ಇವಳು ಸಾಲ ತೀರಿಸುವಷ್ಟು ಗಟ್ಟಿ ಇದ್ದಾಳೆಯೇ, ಅದು ಕಾಣಬೇಕು. ಆಫೀಸಿಗೆ ಬೀಳುವ ಮನೆ ಬೇಕು, ಬ್ಯಾಂಕಿಗೆ ಬೀಳದ ಮನುಷ್ಯರು ಬೇಕು. ಇಬ್ಬರೂ ಬರುವುದು ಒಂದೇ ಬಾಗಿಲಿಗೆ.

ಬಸಣ್ಣ ಮತ್ತೆ ಬಂದು ಹೋಗಿದ್ದಾನಂತೆ. ಈ ಸಲದ ಸಲಹೆ: ಪಕ್ಕದ ಮನೆಯ ಟಿವಿ ತಂದಿಡು, ತೊಲೆಗೆ ಬಟ್ಟೆ ಕಟ್ಟಿ ಮುಚ್ಚು.

ನಿನ್ನೆ ಸಂಜೆ ಕೌದಿ ಕೊಡಲು ಬಂದಾಗ ಹುಸೇನಬಿಯನ್ನು ಕೇಳಿದೆ, ಸೋಮವಾರಕ್ಕೆ ಏನು ತಯಾರಿ ಮಾಡಿದ್ದೀ ಎಂದು. ಈ ಸಲ ಹಸನು ಮಾಡು, ಮಾಡಬೇಡ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

"ತಯಾರಿ ಏನೈತ್ರಿ ಅಕ್ಕಾರ," ಅಂದಳು, "ಸುಣ್ಣ ಹಚ್ಚೀನಿ, ಕುರ್ಚಿ ಅಲ್ಲೇ ತೊಲಿ ಕೆಳಗ ಇಟ್ಟೀನಿ."